ಚಾವಣಿಗೆಷ್ಟು ದೀಪ?

ಮನೆ ಕಟ್ಟಿ ನೋಡು ಎಂದರು ಹಿರಿಯರು. ದೆಹಲಿಯಲ್ಲಿ ಗುಮಾಸ್ತಿಕೆ ಮಾಡುವ ನಮ್ಮಂಥವರಿಗೆ ಕಟ್ಟುವ ಭಾಗ್ಯವೆಲ್ಲಿ? ಯಾರೋ ಕಟ್ಟಿ, ಇನ್ನಾರೋ ಬಾಳಿ ಬಿಟ್ಟ ಫ್ಲ್ಯಾಟಿಗೆ ಸುಣ್ಣ ಬಣ್ಣ ಬಳಿಸಿಕೊಂಡು ಒಳಹೋಗುವುದಷ್ಟೇ ನಮ್ಮ ಪಾಲಿಗೆ ಬಂದುದು. ಇಪ್ಪತ್ತು ವರ್ಷ ಸರ್ಕಾರಿ ಕ್ವಾರ್ಟರ್ಸಿನಲ್ಲಿ ಕೋಣೆಗೊಂದು ಟ್ಯೂಬ್‌ಲೈಟಿನಂತೆ ಕಾಲ ಹಾಕಿದ ನಾವು, ಗಾಜಿಯಾಬಾದಿನ ವಸುಂಧರಾದಲ್ಲಿ ಸಾಲ ಮಾಡಿ ಫ್ಲ್ಯಾಟು ಕೊಂಡಾಗ, ಹೆಚ್ಚಿನ ಚರ್ಚೆಗೆ ಬಂದುದು ಅಡಿಗೆಮನೆಯೂ ಅಲ್ಲ, ಬಚ್ಚಲೂ ಅಲ್ಲ, ಚಾವಣಿ.

ಗುತ್ತಿಗೆದಾರ ಹಾಲಿನ ನಕ್ಷೆಯ ಮೇಲೆ ಪೆನ್ಸಿಲಿನಿಂದ ಹದಿನಾರು ಸೊನ್ನೆ ಬರೆದ. ಇಡೀ ಹಾಲಿಗೆ ಪಿ.ಓ.ಪಿ.ಯ ಸುಳ್ಳು ಚಾವಣಿ, ಅದರಲ್ಲಿ ಹದಿನಾರು ತೂತು, ತೂತಿಗೊಂದು ಹನ್ನೆರಡು ವಾಟಿನ ಎಲ್.ಇ.ಡಿ. ದೀಪ. ಅಮ್ಮನ ಕೋಣೆಗೆ ಆರು. ಈಗ ಎಲ್ಲರೂ ಇದನ್ನೇ ಹಾಕಿಸುತ್ತಾರೆ ಎಂದು ಅವನ ವಾದ. ಮಗಳಿಗೆ ಪರಮಾನಂದ. ಮನೆಯವರಿಗೆ ಸಾಲದ ಕಂತಿನ ಚಿಂತೆ.

ಅಮ್ಮ ಮಾತ್ರ ಏನೂ ಹೇಳಲಿಲ್ಲ. ಅವರಿಗೆ ಎಪ್ಪತ್ತಾರು. ಒಂದು ಕಣ್ಣಿನ ಪೊರೆ ತೆಗೆಸಿದ್ದಾಗಿದೆ, ಇನ್ನೊಂದು ಬಾಕಿ. ತಿಪಟೂರಿನ ಮನೆಗೆ ಬೀಗ ಹಾಕಿ ಬಂದು ಎರಡು ವರ್ಷವಾದರೂ ಊರಿಗೆ ಹೊರಡುವ ಮಾತು ಅವರ ಬಾಯಿಂದ ಹೋಗಿಲ್ಲ. ನಾವೇ ಕೆದಕಿ ಕೇಳಿದಾಗ, "ನನಗೋಸ್ಕರ ಏನೂ ಬದಲಾಯಿಸಬೇಡ್ರೋ. ಮಲಗಿದಾಗ ಕಣ್ಣಿಗೆ ಚುಚ್ಚಿದರೆ ಸೆರಗು ಹಾಕಿಕೋತೀನಿ" ಎಂದರು. ಸ್ವಂತ ಮನೆಯೆಂದು ಕರೆತಂದು ತಾಯಿಯ ಮುಖಕ್ಕೆ ಸೆರಗು ಹಾಕಿಸುವುದೇ? ಅಂದೇ ನಾವು ಕಾಗದ ಪೆನ್ಸಿಲು ಹಿಡಿದು ಕೂತೆವು. ಬಿ.ಎಸ್ಸಿ. ಭೌತಶಾಸ್ತ್ರ ಕಚೇರಿಯ ಫೈಲುಗಳಲ್ಲಂತೂ ಉಪಯೋಗಕ್ಕೆ ಬಂದಿರಲಿಲ್ಲ.

ಲೆಕ್ಕ ಸುಲಭವೇ. ಒಂದು ಚದರ ಮೀಟರಿಗೆ ಒಂದು ಲ್ಯೂಮೆನ್ ಬೆಳಕು ಬಿದ್ದರೆ ಅದು ಒಂದು ಲಕ್ಸ್. ಕೂತು ಮಾತಾಡುವ ಕೋಣೆಗೆ 100 ಲಕ್ಸ್ ಸಾಕು. ನಮ್ಮ ಹಾಲು 12 ಅಡಿಗೆ 14 ಅಡಿ, ಅಂದರೆ ಸುಮಾರು 15.6 ಚದರ ಮೀಟರು. ಗೋಡೆ, ಚಾವಣಿಗಳು ನುಂಗುವ ಪಾಲು ಸೇರಿಸಿದರೂ 2,600 ಲ್ಯೂಮೆನ್ ಆಯಿತು. ಎಂಟು ವಾಟಿನ ಒಳ್ಳೆಯ ದೀಪವೊಂದು 700 ಲ್ಯೂಮೆನ್ನಿನಷ್ಟು ಕೊಡುತ್ತದೆ. ನಾಲ್ಕು ದೀಪಕ್ಕೆ ಲೆಕ್ಕ ಮುಗಿಯಿತು! ಓದು ಬರಹಕ್ಕೆ ಹಳೆಯ ಟ್ಯೂಬ್‌ಲೈಟು ಇದ್ದೇ ಇದೆ. ಗುತ್ತಿಗೆದಾರನ ಹದಿನಾರಕ್ಕೆ 192 ವಾಟು. ನಮ್ಮ ನಾಲ್ಕಕ್ಕೆ 32.

ಎರಡನೆಯದು ಫ್ಯಾನು. ಅದರ ರೆಕ್ಕೆಯ ಮೇಲ್ಗಡೆ ದೀಪ ಕೂತರೆ ರೆಕ್ಕೆ ಸುತ್ತಿದಂತೆಲ್ಲ ನೆರಳು ಬೆಳಕು ಪಟಪಟನೆ ಹಾರುತ್ತವೆ. ತಲೆನೋವಿಗೆ ಬೇರೆ ಕಾರಣ ಬೇಡ. ಆದ್ದರಿಂದ ನಾಲ್ಕೂ ಗೋಡೆಗಳ ಬದಿಗೆ ಎರಡಡಿ ಅಗಲದ ಪಟ್ಟಿ ಮಾತ್ರ ಕಟ್ಟಿಸಿ, ನಡುವಿನ ಚಾವಣಿಯನ್ನು ಹಾಗೆಯೇ ಬಿಡಿಸಿದೆವು. ಫ್ಯಾನು ಕೆಳಗಿಳಿಯಲಿಲ್ಲ, ದೀಪಗಳು ಅದರ ಸುತ್ತಿನಿಂದ ದೂರವಾದವು, ಪಿ.ಓ.ಪಿ. ಖರ್ಚೂ ತಗ್ಗಿತು.

ಆಮೇಲೆ ಒಂದು ಭಾನುವಾರ ಬಿಟ್ಟು ಶನಿವಾರವೇ ಚಾಂದನಿ ಚೌಕದ ಭಾಗೀರಥ್ ಪ್ಯಾಲೆಸಿಗೆ ಹೋದೆವು. ವಿದ್ಯುತ್ ಸಾಮಾನಿನ ಆ ಸಂತೆಯಲ್ಲಿ ಕಣ್ಣು ಕೋರೈಸದ ಅಂಗಡಿಯಿಲ್ಲ. ಬಣ್ಣದ ವಿಷಯದಲ್ಲಿ ನಮಗೆ ನೆನಪಾದದ್ದು 2014ರ ಭೌತಶಾಸ್ತ್ರದ ನೊಬೆಲ್ ಬಹುಮಾನ. ನೀಲಿ ಎಲ್.ಇ.ಡಿ.ಗಾಗಿ ಅಕಸಾಕಿ, ಅಮಾನೊ, ನಕಾಮುರಾ ಮೂವರಿಗೂ ಅದು ಸಂದಿತು. ಇಂದಿನ ಬಿಳಿ ದೀಪಗಳಲ್ಲಿ ಬಹುಪಾಲು ಆ ನೀಲಿಗೆ ಹಳದಿ ಲೇಪ ಹಚ್ಚಿದವೇ. ಡಬ್ಬಿಯ ಮೇಲೆ 6500 ಕೆಲ್ವಿನ್ ಎಂದಿದ್ದರೆ ನೀಲಿ ಛಾಯೆ ಹೆಚ್ಚು, 3000 ಎಂದಿದ್ದರೆ ಹಳೆಯ ಬಲ್ಬಿನ ಹದ. ಹಾಲಿಗೆ 3000, ಅಡಿಗೆಮನೆಗೆ 4000 ಆರಿಸಿದೆವು. ಬಣ್ಣಗಳನ್ನು ನಿಜವಾಗಿ ತೋರಿಸುವ ಗುಣಕ್ಕೆ ಸಿ.ಆರ್.ಐ. ಎಂಬ ಅಂಕಿ ಬೇರೆ ಉಂಟು. ಅಡಿಗೆಮನೆಗೆ 90 ಇರುವುದನ್ನೇ ಕೇಳಿ ತಂದೆವು. ಅಮ್ಮ ಅಕ್ಕಿ ಆರಿಸುವುದು ಅಲ್ಲಿಯೇ.

ವಯಸ್ಸಾದ ಕಣ್ಣಿನ ಕಷ್ಟ ವಿಚಿತ್ರ. ಅದಕ್ಕೆ ಬೆಳಕೂ ಹೆಚ್ಚು ಬೇಕು, ಝಗಝಗಿಸುವುದನ್ನೂ ತಾಳಲಾರದು. ಪೊರೆ ಬಂದ ಕಣ್ಣಿನೊಳಗೆ ಬೆಳಕು ಚದರಿ ಮಂಜಿನಂತೆ ಹಬ್ಬುತ್ತದೆ. ಆದ್ದರಿಂದ ಬೆಳಕಿನ ಬಿಲ್ಲೆ ಅಂಚಿಗೇ ಇರದೆ ಗುಂಡಿಯೊಳಗೆ ಆಳವಾಗಿ ಕೂತ ದೀಪಗಳನ್ನೇ ಹಾಲಿಗೆ ಕೊಂಡೆವು. ಅಮ್ಮನ ಮಂಚದ ಮೇಲೆ ಒಂದೂ ಬೇಡವೆಂದೆವು. ತಲೆದಿಂಬಿನ ಪಕ್ಕದ ಗೋಡೆಗೆ ಮುಚ್ಚಿಗೆಯ ದೀಪ, ಕೈಗೆಟಕುವ ಸ್ವಿಚ್ಚು, ಬಚ್ಚಲ ದಾರಿಯಲ್ಲಿ ನೆಲದ ಬಳಿ ಸಣ್ಣದೊಂದು ರಾತ್ರಿದೀಪ. ಅಷ್ಟೇ.

ಅಡಿಗೆಮನೆಯ ಎರಡು ದೀಪಗಳನ್ನು ಕೋಣೆಯ ನಡುವಿಗೆ ಹಾಕಹೊರಟವನನ್ನು ಮನೆಯವರೇ ತಡೆದರು. ಕಟ್ಟೆಯ ಮುಂದೆ ನಿಂತಾಗ ಬೆನ್ನ ಹಿಂದಿನ ದೀಪ ಹೆಚ್ಚುವ ತರಕಾರಿಯ ಮೇಲೆ ನಮ್ಮದೇ ನೆರಳು ಚೆಲ್ಲುತ್ತದೆ. ಕಟ್ಟೆಯ ನೇರಕ್ಕೇ ಅವು ಬಂದವು. ಈ ಜ್ಞಾನಕ್ಕೆ ಯಾವ ಬಿ.ಎಸ್ಸಿ.ಯೂ ಬೇಡ!

ಕೊಳ್ಳುವ ಬಂಧುಗಳಿಗೆ ಇನ್ನೆರಡು ಮಾತು. ದೀಪ ಕೆಡುವಾಗ ಬಹಳ ಸಲ ಕೆಡುವುದು ಬಿಲ್ಲೆಯಲ್ಲ, ಅದಕ್ಕೆ ಕರೆಂಟು ಹದಮಾಡಿ ಕೊಡುವ ಡ್ರೈವರು. ಅದು ಬೇರೆಯಾಗಿ ಬದಲಾಯಿಸುವಂತಿರಲಿ, ಬಿ.ಐ.ಎಸ್. ನೋಂದಣಿಯ ಗುರುತು ನೋಡಿ ತನ್ನಿ. ತೂತಿನ ಅಳತೆಯನ್ನು ಡೈರಿಯಲ್ಲಿ ಬರೆದಿಡಿ, ನಾಳೆ ಬೇರೆ ಕಂಪನಿಯ ದೀಪವೂ ಕೂರಬೇಕಲ್ಲ.

ಕಂಪನಿ ಎಂದಾಗ ಅಮ್ಮ, "ಮೈಸೂರು ಲ್ಯಾಂಪ್ಸ್ ಸಿಗಲಿಲ್ಲವೇನೋ?" ಎಂದು ಕೇಳಿದ್ದರು. 1936ರಲ್ಲಿ ಬೆಂಗಳೂರಿನ ಮಲ್ಲೇಶ್ವರದಲ್ಲಿ ಹುಟ್ಟಿದ ಆ ಕಾರ್ಖಾನೆ 2003ರಲ್ಲೇ ಮುಚ್ಚಿತೆಂದಾಗ ಸ್ವಲ್ಪ ಹೊತ್ತು ಸುಮ್ಮನಿದ್ದರು. ತಿಪಟೂರಿನ ಮನೆಯ ನಡುಮನೆಗೆ ಇದ್ದುದು ಅದರದೇ ಒಂದು ಬಲ್ಬು.

ಗೃಹಪ್ರವೇಶಕ್ಕೆ ಬಂದ ಮಿತ್ರರೊಬ್ಬರು ಚಾವಣಿ ನೋಡಿ, "ನಾಲ್ಕೇ?" ಎಂದು ಹುಬ್ಬೇರಿಸಿದರು. ನಾವು ಉತ್ತರಿಸುವ ಮೊದಲೇ ಅಡಿಗೆಮನೆಯಿಂದ ಅಮ್ಮನ ದನಿ ಬಂತು: "ಸಾಕಪ್ಪ, ಅಕ್ಕಿಯ ಕಲ್ಲು ಕಾಣ್ತಿದೆ. ಮುಂದಿನ ತಿಂಗಳಿಗೆ ಇಲ್ಲೇ ಹಪ್ಪಳ ಮಾಡೋಣ ಅಂತಿದೀನಿ." ಊರಿಗೆ ಹೊರಡುವ ಮಾತು ಆ ದಿನ ಬರಲಿಲ್ಲ.