ನೋಡಿದ್ದೂ ಕಂಡದ್ದೂ

ಯಾದಗಿರಿಗೆ ಗುರುತು ಕೋಟೆಯ ಗುಡ್ಡ. ಕಳೆದ ದಸರೆ ರಜೆಯಲ್ಲಿ ಅಕ್ಕನ ಮನೆಗೆಂದು ಹೋದಾಗಲೂ ಮೊದಲು ಕಣ್ಣಿಗೆ ಬಿದ್ದದ್ದು ಅದೇ. ಮನೆಯಲ್ಲಿ ಮಾತ್ರ ಗುಡ್ಡದಷ್ಟೇ ದೊಡ್ಡ ಚಿಂತೆಯೊಂದು ಕಾದಿತ್ತು. ಒಂಬತ್ತನೇ ತರಗತಿಯ ಅಳಿಯ ಇಂಗ್ಲಿಷ್ ಕಿರುಪರೀಕ್ಷೆಯಲ್ಲಿ 25ಕ್ಕೆ 7 ಅಂಕ ತಂದಿದ್ದ.

‘ಮೊದಲ ಹಿಂಗ ಇರಲಿಲ್ಲಪಾ. ಈಗ ಬೋರ್ಡಿನ ಮ್ಯಾಲ ಬರೆದದ್ದು ಸೈತ ಪೂರ್ತಿ ಬರಕೊಂಡು ಬರಂಗಿಲ್ಲ. ಲಕ್ಷ್ಯನೇ ಇಲ್ಲ’ ಎಂದಳು ಅಕ್ಕ. ಶಾಲೆಯವರ ಅಭಿಪ್ರಾಯವೂ ಅದೇ ಆಗಿತ್ತಂತೆ. ಹುಡುಗ ತಲೆ ತಗ್ಗಿಸಿ ಕೂತಿದ್ದ.

ಉತ್ತರಪತ್ರಿಕೆ ತಿರುವಿದೆ. ‘ಐ ಆಮ್ ಸೀಯಿಂಗ್ ದಿ ಬೋರ್ಡ್’ ಎಂದು ಬರೆದಲ್ಲಿ ಒಂದು ಕೆಂಪು ಗೆರೆ, ‘ಲುಕ್ ದಿ ಬರ್ಡ್’ ಎಂದಲ್ಲಿ ಇನ್ನೊಂದು. ಸೀ ಮತ್ತು ಲುಕ್ ಇವನಿಗೆ ‘ನೋಡು’ ಎಂಬ ಒಂದೇ ಗೂಟಕ್ಕೆ ಕಟ್ಟಿದ ಎರಡು ಎತ್ತುಗಳು. ತಪ್ಪು ಅವನದಷ್ಟೇ ಅಲ್ಲ, ಅವನ ಗೈಡಿನಲ್ಲೂ ಎರಡಕ್ಕೂ ಅದೇ ಅರ್ಥ ಬರೆದಿತ್ತು. ‘ನಾಳೆ ಶಹಾಪುರ, ಸುರಪುರ ತಿರುಗಾಡಿ ಬರೋಣ ನಡಿ’ ಎಂದೆ.

ಮರುದಿನ ಬೆಳಿಗ್ಗೆ ಬಸ್ಸು ಹತ್ತಿದೆವು. ಯಾದಗಿರಿ, ಶಹಾಪುರ, ಸುರಪುರ ಈ ಮೂರು ತಾಲ್ಲೂಕುಗಳನ್ನು ಗುಲಬರ್ಗಾದಿಂದ ಬೇರ್ಪಡಿಸಿ ಪ್ರತ್ಯೇಕ ಜಿಲ್ಲೆ ಮಾಡಿದ್ದು 2009ರ ಡಿಸೆಂಬರ್ 30ರಂದು. ಕೃಷ್ಣೆಯ ಕಾಲುವೆ ನೀರು ಹರಿದ ಕಡೆ ಭತ್ತ, ಉಳಿದ ಕಡೆ ತೊಗರಿ, ಹತ್ತಿ. ಭೀಮಾ ನದಿಯ ಸೇತುವೆ ಬಂದಾಗ ನನ್ನ ಪಾಠ ಶುರುವಾಯಿತು.

ನಮ್ಮ ಕನ್ನಡದಲ್ಲಿ ‘ನೋಡು’ ಇರುವ ಹಾಗೆ ‘ಕಾಣು’ ಕೂಡ ಇದೆ. ಕಿಟಕಿಯ ಪಕ್ಕ ಸುಮ್ಮನೆ ಕೂತರೂ ನದಿ ಕಾಣುತ್ತದೆ, ನಾವೇನೂ ಮಾಡಬೇಕಿಲ್ಲ. ಅದು ಸೀ. ಹೊಳೆಯಲ್ಲಿ ಎಷ್ಟು ನೀರಿದೆ ಎಂದು ಕತ್ತು ಹೊರಳಿಸಿದರೆ ಅದು ನೋಡಿದ ಹಾಗೆ, ಲುಕ್. ನೋಡುವುದು ನಾವು ಮಾಡುವ ಕೆಲಸ. ಕಾಣುವುದು ಕಣ್ಣಿಗೆ ದಕ್ಕುವ ಫಲ. ಕೆಲಸ ನಡೆಯುತ್ತಿರಬಹುದು, ಆದ್ದರಿಂದ ‘ಐ ಆಮ್ ಲುಕಿಂಗ್’ ಸರಿ. ಕಾಣುವುದಕ್ಕೆ ಸಾಮಾನ್ಯವಾಗಿ ‘ಐ ಸೀ’ ಇಲ್ಲವೇ ‘ಐ ಕ್ಯಾನ್ ಸೀ’ ಎಂದರೆ ಸಾಕು, ‘ಸೀಯಿಂಗ್’ ಬೇಡ. ಇನ್ನು ನೋಟಕ್ಕೊಂದು ಗುರಿ ಬೇಕಷ್ಟೆ? ಆ ಗುರಿ ತೋರಿಸಲು ಲುಕ್ ಜೊತೆ ‘ಆಟ್’ ಬರುತ್ತದೆ. ಓಡುವುದನ್ನೋ ಬದಲಾಗುವುದನ್ನೋ ಗಮನವಿಟ್ಟು ನೋಡುತ್ತಾ ಕೂತರೆ ಅದಕ್ಕೆ ವಾಚ್. ಕ್ರಿಕೆಟ್ ಪಂದ್ಯ ನೋಡುವ ಹಾಗೆ.

ಹುಡುಗ ತಲೆಯಾಡಿಸಿದ. ತಿಳಿದು ಆಡಿಸಿದನೋ ಬಸ್ಸಿನ ಕುಲುಕಾಟಕ್ಕೆ ಆಡಿತೋ ಹೇಳುವುದು ಕಷ್ಟ.

ಶಹಾಪುರದ ಬುದ್ಧ ಮಲಗಿದ ಬೆಟ್ಟದ ಹೆಸರು ಕೇಳಿದ್ದೀರಿ. ಒಂದಕ್ಕೊಂದು ಹೊಂದಿಕೊಂಡ ಗುಡ್ಡಗಳ ಸಾಲು. ಸರಿಯಾದ ಕಡೆಯಿಂದ ನೋಡಿದರೆ ಅಂಗಾತ ಮಲಗಿದ ಬುದ್ಧನ ಹಣೆ, ಮೂಗು, ತುಟಿ, ಎದೆ ಒಂದೊಂದಾಗಿ ಮೂಡುತ್ತವೆ. ಯಾವ ಶಿಲ್ಪಿಯೂ ಕೆತ್ತಿದ್ದಲ್ಲ. ಗುಡ್ಡವನ್ನು ನೋಡುತ್ತಾ ಬುದ್ಧನನ್ನು ಕಾಣುವುದೇ ಅಲ್ಲಿನ ಸೊಗಸು. ನನ್ನ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಎಲ್ಲಿ ಸಿಕ್ಕೀತು? ರಸ್ತೆಬದಿಯಲ್ಲಿ ನಿಂತು ಬೆರಳು ತೋರಿಸಿದೆ. ಅವನು ಕಣ್ಣು ಕಿರಿದು ಮಾಡಿ ಬಹಳ ಹೊತ್ತು ದಿಟ್ಟಿಸಿದ.

‘ನೋಡ್ಲಕತ್ತೀನಿ ಮಾಮಾ. ಆದ್ರ ಕಾಣವಲ್ದು.’

‘ಭೇಷ್! ಇದನ್ನೇ ಇಂಗ್ಲಿಷಿನಲ್ಲಿ ಹೇಳು.’

ಸ್ವಲ್ಪ ಯೋಚಿಸಿ, ‘ಐ ಆಮ್ ಲುಕಿಂಗ್, ಬಟ್ ಐ ಕಾಂಟ್ ಸೀ’ ಎಂದ.

ಒಂದಕ್ಷರವೂ ತಪ್ಪಿರಲಿಲ್ಲ. ಬೆನ್ನು ತಟ್ಟಿದೆ. ತಟ್ಟಿದ ಕೈ ಅಲ್ಲೇ ನಿಂತಿತು. ವಾಕ್ಯವೇನೋ ಸರಿ, ಆದರೆ ಅವನು ಹೇಳಿದ್ದೇನು? ರಸ್ತೆಯಾಚೆಗಿದ್ದ ಅಂಗಡಿಯ ಬೋರ್ಡು ಓದೆಂದೆ. ಕನ್ನಡದಲ್ಲೇ ಇತ್ತು, ದೊಡ್ಡ ಅಕ್ಷರ. ಅವನಿಗೆ ಓದಲಾಗಲಿಲ್ಲ. ‘ದೂರಿಂದು ಎಲ್ಲರಿಗೂ ಮಬ್ಬೇ ಕಾಣ್ತದಲ್ಲ ಮಾಮಾ?’ ಎಂದು ನನ್ನನ್ನೇ ಕೇಳಿದ.

ಶಹಾಪುರದ ಸಮೀಪದ ವಿಭೂತಿಹಳ್ಳಿಯಲ್ಲಿ ಪುರಾತತ್ವ ಇಲಾಖೆ ರಕ್ಷಿಸಿರುವ ಒಂದು ಬಯಲಿದೆ. ದಾರಿಹೋಕರಿಗೆ ಅಲ್ಲಿ ಕಾಣುವುದು ಬರೀ ದುಂಡು ಬಂಡೆಗಳು. ನಿಂತು ನೋಡಿದರೆ ಅವು ಅಡ್ಡಾದಿಡ್ಡಿ ಬಿದ್ದದ್ದಲ್ಲ, ಸಾಲು ಹಿಡಿದು ಇಟ್ಟದ್ದು ಎಂದು ತಿಳಿಯುತ್ತದೆ. ಬೃಹತ್ ಶಿಲಾ ಸಂಸ್ಕೃತಿಯ ಜನರ ಕೆಲಸವಿದು ಎನ್ನುತ್ತಾರೆ ವಿದ್ವಾಂಸರು. ಆಕಾಶದ ಲೆಕ್ಕಕ್ಕಾಗಿ ಇಟ್ಟರೇ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಸಾಲು ಇದೆ ಎಂದು ನಾನು ಹೇಳಲಿಲ್ಲ. ಹುಡುಗ ಒಂದು ಕಲ್ಲಿನಿಂದ ಮುಂದಿನ ಕಲ್ಲಿಗೆ ಹೆಜ್ಜೆ ಎಣಿಸುತ್ತಾ ಹೋದ. ಐದಾರು ಕಲ್ಲು ದಾಟಿ ತಿರುಗಿ ನಿಂತು, ‘ಎಲ್ಲಾ ಒಂದ ಅಳತಿಗಿ ಇಟ್ಟಾರ!’ ಎಂದು ಕೂಗಿದ. ಲಕ್ಷ್ಯವಿಲ್ಲದ ಹುಡುಗನ ಮಾತೇ ಇದು?

ಸುರಪುರ ಮುಟ್ಟಿದಾಗ ಮಧ್ಯಾಹ್ನ. ಅರಸ ವೆಂಕಟಪ್ಪ ನಾಯಕ 1858ರಲ್ಲಿ ಇಂಗ್ಲಿಷರ ವಿರುದ್ಧ ತಿರುಗಿಬಿದ್ದ ಊರಿದು. ಅವನು ಬಾಲಕನಾಗಿದ್ದಾಗ ಸಂಸ್ಥಾನದ ಆಡಳಿತ ನೋಡಿಕೊಂಡವನು ಫಿಲಿಪ್ ಮೆಡೋಸ್ ಟೇಲರ್. 1841ರಿಂದ 1853ರವರೆಗೆ ಇಲ್ಲಿದ್ದ ಈತ ಗುಡ್ಡದ ಮೇಲೆ 1844ರಲ್ಲಿ ಕಟ್ಟಿಸಿದ ಬಂಗಲೆಯೇ ಟೇಲರ್ ಮಂಜಿಲ್. ನೋಡುವುದನ್ನು ಬಲ್ಲ ಮನುಷ್ಯ. ಚಿತ್ರ ಬರೆಯುತ್ತಿದ್ದ, ಕಾದಂಬರಿ ಬರೆದ. ಸುರಪುರ ಸೀಮೆಯ ಜನ ದಿನವೂ ಕಂಡು ಮುಂದೆ ಹೋಗುತ್ತಿದ್ದ ಹಳೆಯ ಶಿಲಾಗೋರಿಗಳನ್ನು ನಿಂತು ನೋಡಿ, ಅವುಗಳ ಮೇಲೆ ಪ್ರಬಂಧಗಳನ್ನು ಪ್ರಕಟಿಸಿದ. ವಿಪರ್ಯಾಸವೆಂದರೆ 1875ರಲ್ಲಿ ಅವನ ದೃಷ್ಟಿಯೇ ಹೋಯಿತು. ಮರುವರ್ಷ ಮೇ 13ರಂದು ಫ್ರಾನ್ಸಿನ ಮೆಂಟನ್‌ನಲ್ಲಿ ತೀರಿಕೊಂಡ. ಮಗಳು ಸಂಪಾದಿಸಿದ ಅವನ ಆತ್ಮಕಥೆ ಅಚ್ಚಾದದ್ದು 1877ರಲ್ಲಿ.

ಕತೆ ಕೇಳಿ ಹುಡುಗನ ಮುಖ ಸಣ್ಣದಾಯಿತು. ‘ನನಗೂ ಹಂಗ ಆಗ್ತದೇನು?’

‘ಇಲ್ಲೋ ಮಾರಾಯ. ನಿನ್ನದಕ್ಕೆ ಕನ್ನಡಕ ಸಾಕಾದೀತು. ಆದರೆ ಅದನ್ನು ಹೇಳಬೇಕಾದವರು ಡಾಕ್ಟರು’ ಎಂದೆ. ಮಾತು ಬೇರೆ ಕಡೆ ತಿರುಗಿಸಲು, ‘ಡಾಕ್ಟರನ್ನು ಕಾಣಬೇಕು ಅಂತೀವಲ್ಲ, ಇಂಗ್ಲಿಷಿನಲ್ಲೂ ಹಾಗೇ, ಸೀ ಎ ಡಾಕ್ಟರ್. ಲುಕ್ ಅಲ್ಲ’ ಎಂದೆ. ಇಳಿಯುವಾಗ ಅವನೇ ಕೇಳಿದ: ‘ಅವ್ವ ನಮ್ಮನ್ನ ನೋಡಿಕೊಳ್ತಾಳ. ಅದಕ್ಕ?’ ಲುಕ್ ಆಫ್ಟರ್. ಎಷ್ಟು ಚೆನ್ನಾಗಿ ಹೊಂದುತ್ತದೆ, ಗಮನಿಸಿ! ನಮ್ಮ ಮಕ್ಕಳು ಬರಿಗೈಯಲ್ಲಿ ಇಂಗ್ಲಿಷ್ ಕಲಿಯಲು ಹೊರಟವರಲ್ಲ. ಅರ್ಧ ಬುತ್ತಿಯನ್ನು ಕನ್ನಡ ಮೊದಲೇ ಕಟ್ಟಿಕೊಟ್ಟಿರುತ್ತದೆ.

ತಂದೆತಾಯಿಗಳಿಗೆ ಒಂದು ಮಾತು. ದೂರದ್ದು ಮಸುಕಾಗುವ ದೋಷ ಹೆಚ್ಚಾಗಿ ಕಾಣಿಸಿಕೊಳ್ಳುವುದೇ ಶಾಲೆಗೆ ಹೋಗುವ ವಯಸ್ಸಿನಲ್ಲಿ. ಅದು ಮೆಲ್ಲಗೆ ಬರುವುದರಿಂದ ಮಗುವಿಗೆ ಗೊತ್ತೇ ಆಗುವುದಿಲ್ಲ, ಲೋಕವೇ ಹೀಗೆ ಎಂದುಕೊಳ್ಳುತ್ತದೆ. ಕಣ್ಣು ಕಿರಿದು ಮಾಡುವುದು, ಟಿವಿಯ ಹತ್ತಿರ ಹೋಗಿ ಕೂರುವುದು, ಬೋರ್ಡಿನ ಬದಲು ಪಕ್ಕದವರ ನೋಟುಪುಸ್ತಕ ನೋಡಿ ಬರೆಯುವುದು ಇವು ಗುರುತುಗಳು. ದಡ್ಡ, ಸೋಮಾರಿ ಎನ್ನುವ ಮುನ್ನ ಒಮ್ಮೆ ಕಣ್ಣು ಪರೀಕ್ಷೆ ಮಾಡಿಸಿ.

ಅಕ್ಕನಿಗೆ ಆ ರಾತ್ರಿಯೇ ಹೇಳಿದೆ. ‘ದಿನಾ ಕಣ್ಣಮುಂದ ಇದ್ದ ಮಗನ ಕಣ್ಣ ನನಗ ಕಾಣಲಿಲ್ಲಲ್ಲಪಾ’ ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಎರಡು ವಾರದ ನಂತರ ಫೋನ್ ಬಂತು. ಕನ್ನಡಕ ಬಂದಿತ್ತು. ಇಂಗ್ಲಿಷಿನ ಅಂಕಗಳು ಒಮ್ಮೆಗೇ ಏರುವಂಥವಲ್ಲ, ಅದಕ್ಕೆ ಓದಲೇಬೇಕು. ಆದರೆ ಹುಡುಗ ಮಾಳಿಗೆ ಹತ್ತಿ ನಿಂತು ಮಾತಾಡುತ್ತಿದ್ದ.

‘ಮಾಮಾ, ಕೋಟಿ ಗ್ವಾಡ್ಯಾಗ ಕಲ್ಲು ಬ್ಯಾರೆ ಬ್ಯಾರೆ ಕಾಣ್ತಾವ!’

ಶಹಾಪುರದ ಬುದ್ಧ ಇನ್ನೂ ಬಾಕಿ ಇದ್ದಾನೆ. ಸಂಕ್ರಾಂತಿಗೆ ಹೋಗಬೇಕು.