ಕೊಟ್ಟಿಗೆಯೇ ಗ್ಯಾರೇಜಾದಾಗ

ಕೊಳ್ಳೇಗಾಲ ಬಿಟ್ಟು ಹನೂರು ದಾಟಿ, ರಾಮಾಪುರದ ಆಚೆಗೆ ಹೊರಟರೆ ಬಯಲು ಕಿರಿದಾಗುತ್ತಾ ಗುಡ್ಡಗಳು ಸುತ್ತುವರಿಯತೊಡಗುತ್ತವೆ. ರಾಗಿ, ಮುಸುಕಿನ ಜೋಳದ ಹೊಲಗಳು. ಅವುಗಳ ಬೆನ್ನಿಗೇ ಕಾಡು. ಆ ಕಾಡಂಚಿನ ಊರು ಹೂಗ್ಯಂ. 2013ರಲ್ಲಿ ಘೋಷಣೆಯಾದ ಮಲೆ ಮಹದೇಶ್ವರ ವನ್ಯಜೀವಿಧಾಮದ ಒಂದು ವಲಯಕ್ಕೆ ಈ ಊರಿನದೇ ಹೆಸರು. ತಮಿಳುನಾಡಿನ ಗಡಿ ದೂರವಿಲ್ಲ. ಹಾಗಾಗಿ ಈ ಸೀಮೆಯ ಮಾತಿನಲ್ಲಿ ಕನ್ನಡದ ಜೊತೆಗೆ ತಮಿಳೂ ಬೆರೆತು ಕೇಳುತ್ತದೆ.

ಇಂಥ ಕಡೆ ಕಾರು ಎಂದರೆ ಷೋಕಿಯಲ್ಲ. ನಡುರಾತ್ರಿ ಹೆರಿಗೆ ನೋವು ಬಂದರೆ, ಹೊಲದಲ್ಲಿ ಹಾವು ಕಚ್ಚಿದರೆ ಬೀದಿಯವರು ಓಡಿಹೋಗಿ ಬಾಗಿಲು ತಟ್ಟುವುದು ಕಾರಿರುವ ಮನೆಯದನ್ನೇ. ಆ ಕಾರು ಕಾಡಿನ ತಿರುವಿನಲ್ಲಿ ಕೆಟ್ಟು ನಿಂತರೆ ಗತಿಯೇನು? ಆನೆ ಓಡಾಡುವ ದಾರಿಯಲ್ಲಿ ಇಳಿದು ಬಾನೆಟ್ ಎತ್ತಿ ನೋಡುವ ಧೈರ್ಯ ಎಲ್ಲರಿಗೂ ಇರುವುದಿಲ್ಲ. ದೊಡ್ಡ ರಿಪೇರಿಗೆ ಕೊಳ್ಳೇಗಾಲದ ದಾರಿ ಹಿಡಿಯಬೇಕು. ಒಂದು ದಿನವೂ ಹೋಯಿತು, ದುಡ್ಡೂ ಹೋಯಿತು. ಆದ್ದರಿಂದಲೇ ಹಳೆಯ ಕಾರು ಇಟ್ಟುಕೊಂಡವನು ಅರ್ಧ ಮೆಕ್ಯಾನಿಕ್ಕೂ ಆಗಿರಬೇಕಾಗುತ್ತದೆ.

ಗ್ಯಾರೇಜು ಎನ್ನುವುದು ದೊಡ್ಡ ಮಾತಾಯಿತು. ದನ ಮಾರಿದ ಮೇಲೆ ಖಾಲಿಯಾದ ಕೊಟ್ಟಿಗೆ, ಇಲ್ಲವೇ ಮನೆಯ ಗೋಡೆಗೆ ಒರಗಿಸಿ ಇಳಿಸಿದ ಶೀಟಿನ ಮಾಡು. 1983ರಿಂದ 2014ರವರೆಗೆ ತಯಾರಾದ ಮಾರುತಿ 800, ನಮ್ಮ ಚಿಕ್ಕ ಕಾರುಗಳಲ್ಲೊಂದು ಎನಿಸಿಕೊಂಡದ್ದು, ಸುಮಾರು 11 ಅಡಿ ಉದ್ದ, 5 ಅಡಿಗೂ ಕಡಿಮೆ ಅಗಲ. ಅದನ್ನೇ ಒಳಗೆ ನುಗ್ಗಿಸಿದರೂ ಬಾಗಿಲು ತೆರೆದು ಇಳಿಯಲು ಹೊಟ್ಟೆ ಒಳಗೆಳೆದುಕೊಳ್ಳಬೇಕು. ಒಂದು ಬದಿಗೆ ರಾಗಿ ಮೂಟೆ, ಇನ್ನೊಂದು ಬದಿಗೆ ನೇಗಿಲು, ಮೇಲೆ ಕೋಳಿ. ಅಪ್ಪ ಕಾರಿನಡಿ ಗೋಣಿಚೀಲ ಹಾಸಿಕೊಂಡು ಮಲಗಿದ್ದರೆ ಹೊರಗೆ ಕಾಣುವುದು ಎರಡು ಪಾದ ಮಾತ್ರ.

"ಮಗ, ಬ್ಯಾಟರಿ ಇತ್ತಗೆ ಹಿಡಿಯಪ್ಪ. ಸ್ಪ್ಯಾನರ್ ಕೊಡು."

"ಯಾವ್ದಪ್ಪ? ಹತ್ತು-ಹನ್ನೊಂದಾ, ಹನ್ನೆರಡು-ಹದಿಮೂರಾ?"

ಮಗ್ಗಿ ತಪ್ಪುವ ಹುಡುಗನಿಗೂ ಸ್ಪ್ಯಾನರಿನ ಅಂಕಿ ತಪ್ಪುವುದಿಲ್ಲ. ಪುಸ್ತಕದಲ್ಲಿ ನಾಲ್ಕು ಹೊಡೆತದ ಎಂಜಿನ್ನಿನ ಚಿತ್ರ ಬರೆದು ಅಂಕ ತೆಗೆಯುವುದು ಬೇರೆ; ಬಿಚ್ಚಿದ ಸ್ಪಾರ್ಕ್ ಪ್ಲಗ್ಗನ್ನು ಅಂಗೈಯಲ್ಲಿಟ್ಟು ನೋಡುವುದು ಬೇರೆ. ಪೆಟ್ರೋಲ್ ಎಂಜಿನ್ನಿಗೆ ಮುಖ್ಯವಾಗಿ ಬೇಕಾದದ್ದು ಗಾಳಿ, ಪೆಟ್ರೋಲು, ಕಿಡಿ. ಪ್ಲಗ್ಗಿನ ತುದಿ ತಿಳಿ ಕಂದು ಬಣ್ಣಕ್ಕಿದ್ದರೆ ಉರಿ ಸರಿಯಾಗಿದೆ. ಒಣ ಮಸಿ ಹಿಡಿದಿದ್ದರೆ ಪೆಟ್ರೋಲು ಹೆಚ್ಚಾಗಿ ಹೋಗುತ್ತಿರಬಹುದು. ಎಣ್ಣೆ ಜಿಡ್ಡಾಗಿದ್ದರೆ ಪಿಸ್ಟನ್ ರಿಂಗು ಸವೆದಿರುವ ಶಂಕೆ. ವೈದ್ಯರು ನಾಲಗೆ ನೋಡಿ ಕಾಯಿಲೆ ಹೇಳಿದ ಹಾಗೆ! ಕಂಪ್ಯೂಟರು ಹೊಕ್ಕ ಇಂದಿನ ಕಾರುಗಳಲ್ಲಿ ಎಷ್ಟೋ ದೋಷ ಕಣ್ಣಿಗೆ ಕಾಣುವುದಿಲ್ಲ, ಯಂತ್ರ ಜೋಡಿಸಿಯೇ ಓದಬೇಕು. ಹಳೆಯ ಕಾರು ಮಾತ್ರ ಇನ್ನೂ ಬರಿಗಣ್ಣಿಗೇ ಉತ್ತರ ಕೊಡುತ್ತದೆ.

ಓದು ಬಿಟ್ಟು ಗ್ರೀಸಿನಲ್ಲಿ ಕೈಯಿಟ್ಟ ಎಂದು ತಾಯಂದಿರು ಗೊಣಗುವುದುಂಟು. ಅವರು ಒಂದು ಹಳೆಯ ಕಥೆ ಕೇಳಬೇಕು. ಕೊಳ್ಳೇಗಾಲ ತಾಲ್ಲೂಕು 1956ರ ನವೆಂಬರ್ 1ರಂದು ಮೈಸೂರಿಗೆ ಸೇರುವ ತನಕ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಅದೇ ಜಿಲ್ಲೆಯ ಹಳ್ಳಿಯೊಂದರಲ್ಲಿ 1893ರಲ್ಲಿ ಹುಟ್ಟಿದ ಜಿ.ಡಿ. ನಾಯ್ಡು ಶಾಲೆಗೆ ಒಗ್ಗದ ಹುಡುಗ. ಬ್ರಿಟಿಷ್ ಅಧಿಕಾರಿಯೊಬ್ಬನ ಮೋಟಾರ್ ಸೈಕಲ್ ಕಂಡು ಮರುಳಾದ. ಕೊಯಮತ್ತೂರಿನ ಹೋಟೆಲಿನಲ್ಲಿ ದುಡಿದು ಹಣ ಕೂಡಿಸಿ ಅದನ್ನೇ ಕೊಂಡ. ಕೊಂಡದ್ದು ಸವಾರಿಗಿಂತ ಹೆಚ್ಚಾಗಿ ಬಿಚ್ಚಿ ಜೋಡಿಸುವುದಕ್ಕೆ. 1920ರಲ್ಲಿ ಪೊಳ್ಳಾಚಿ–ಪಳನಿ ನಡುವೆ ಒಂದೇ ಒಂದು ಬಸ್ಸು ಓಡಿಸಿ ಆರಂಭಿಸಿದ ನಾಯ್ಡು, ಮುಂದೆ ದೊಡ್ಡ ಬಸ್ ಸಂಸ್ಥೆಯನ್ನೂ ಕೈಗಾರಿಕೆಗಳನ್ನೂ ಕಟ್ಟಿದರು.

ಇಕ್ಕಟ್ಟಿನ ಮಾತಿಗೆ ಬಂದರೆ ಹೆನ್ರಿ ಫೋರ್ಡನ ಫಜೀತಿ ಇನ್ನೂ ಸ್ವಾರಸ್ಯ. ಅಮೆರಿಕದ ಡೆಟ್ರಾಯಿಟ್ ನಗರದಲ್ಲಿ, ಬಾಡಿಗೆ ಮನೆಯ ಹಿಂದಿನ ಇಟ್ಟಿಗೆ ಶೆಡ್ಡಿನಲ್ಲಿ ಅವನು ತನ್ನ ಮೊದಲ ಗಾಡಿ ಕಟ್ಟಿದ. 1896ರ ಜೂನ್ 4ರ ನಸುಕಿನಲ್ಲಿ ಹೊರತರಲು ಹೋದರೆ ಶೆಡ್ಡಿನ ಬಾಗಿಲಿಗಿಂತ ಗಾಡಿಯೇ ಅಗಲ! ಕೊಡಲಿ ತಂದು ಗೋಡೆ ಒಡೆದ. ಹೂಗ್ಯಂನ ಮನೆಯವರು ಗೋಡೆ ಒಡೆಯಲು ಬಿಡುವುದಿಲ್ಲ ಎನ್ನುವುದು ಬೇರೆ ಮಾತು.

ಆದರೆ ಈ ಇಕ್ಕಟ್ಟಿನಲ್ಲಿ ತಮಾಷೆಯಲ್ಲದ ಸಂಗತಿಯೂ ಇದೆ. ಜಾಕಿ ಇರುವುದು ಕಾರನ್ನು ಎತ್ತಲಿಕ್ಕೆ, ಹೊತ್ತು ನಿಲ್ಲಲಿಕ್ಕಲ್ಲ. ಕೊಟ್ಟಿಗೆಯ ಸಗಣಿ ಸಾರಿಸಿದ ನೆಲ ಮೆದು. ಭಾರ ಬಿದ್ದಂತೆ ಜಾಕಿ ಒಂದು ಕಡೆಗೆ ವಾಲುತ್ತದೆ. ಅಡಿಯಲ್ಲಿ ಮಲಗಿದವನಿಗೆ ಸರಿದುಕೊಳ್ಳಲು ಗೋಡೆ ಬಿಡುವುದಿಲ್ಲ. ಗಟ್ಟಿ ಹಲಗೆಯ ಮೇಲೆ ಜಾಕಿ ಇಟ್ಟು, ನೆಲದಲ್ಲಿರುವ ಚಕ್ರಗಳಿಗೆ ಎರಡೂ ಬದಿ ಅಡೆ ಕೊಟ್ಟು, ಎತ್ತಿದ ಮೇಲೆ ಭಾರ ಹೊರುವ ಸ್ಟ್ಯಾಂಡ್ ಕೊಡದೆ ಯಾರೂ ಒಳಗೆ ನುಸುಳಬಾರದು. ಇಟ್ಟಿಗೆ, ಹಾಲೋಬ್ಲಾಕು ಪೇರಿಸುವವರಿದ್ದಾರೆ. ಅವು ಹೇಳದೆ ಕೇಳದೆ ಸೀಳಿಬಿಡುತ್ತವೆ.

ಇನ್ನೊಂದು ಅಪಾಯ ಕಣ್ಣಿಗೂ ಬೀಳದು, ಮೂಗಿಗೂ ತಿಳಿಯದು. ಮಳೆ ಬಂತೆಂದು ಬಾಗಿಲು ಮುಚ್ಚಿ ಒಳಗೇ ಎಂಜಿನ್ ಓಡಿಸಿದರೆ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಅಲ್ಲೇ ತುಂಬಿಕೊಳ್ಳುತ್ತದೆ. ರಕ್ತದ ಹಿಮೋಗ್ಲೋಬಿನ್ನನ್ನು ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಹಿಡಿಯುತ್ತದೆ. ತಲೆನೋವು, ತಲೆಸುತ್ತು, ಓಕರಿಕೆ. ಆಮೇಲೆ ಎಚ್ಚರ ತಪ್ಪುತ್ತದೆ. ಬಿಸಿಲಿಗೆ ಹಾಗಾಯಿತೆಂದುಕೊಂಡು ಅಲ್ಲೇ ಕುಳಿತವರು ಉಳಿಯುವುದು ಕಷ್ಟ. ಬ್ಯಾಟರಿ ಹಿಡಿದು ನಿಂತ ಮಗುವೂ ಅದೇ ಗಾಳಿ ಉಸಿರಾಡುತ್ತಿರುತ್ತದೆ.

ಅದಕ್ಕೇ ತಿಳಿದವರು ಪ್ಲಗ್ಗು ಜೋಡಿಸಿ, ಬಾನೆಟ್ ಹಾಕಿದ ಮೇಲೆ ಕೀಲಿ ತಿರುಗಿಸುವುದಿಲ್ಲ. ಮನೆಮಂದಿಯನ್ನೆಲ್ಲ ಕರೆಯುತ್ತಾರೆ. ಅಜ್ಜಿ ಕೋಳಿ ಅಟ್ಟುತ್ತಾಳೆ, ಅವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ಒಂದು ಕೈ ಕೊಡುತ್ತಾಳೆ, ಹುಡುಗರು ಹಿಂದಿನಿಂದ ನೂಕುತ್ತಾರೆ. ಕಾರು ಹಿಂದುಹಿಂದಾಗಿ ಅಂಗಳಕ್ಕೆ ಬಂದು ನಿಂತ ಮೇಲೆಯೇ ಚಾಲೂ. ಒಂದೇ ಏಟಿಗೆ ಎಂಜಿನ್ ಹಿಡಿದುಕೊಂಡಿತೋ, ಪರೀಕ್ಷೆ ನೋಡುವ ನೆಪದಲ್ಲಿ ರಾಮಾಪುರದವರೆಗೆ ಒಂದು ಸುತ್ತು. ಹಿಂದಿನ ಸೀಟಿನಲ್ಲಿ ಬೀದಿಯ ಅಷ್ಟೂ ಮಕ್ಕಳು.