ಮೂವತ್ನಾಲ್ಕನೇ ಪಿನ್

ಪಿಸಿಯ ಫ್ಲಾಪಿ ಡ್ರೈವ್‌ಗೂ 34 ಪಿನ್, 1987ರಲ್ಲಿ ಬಂದ ಕಮೊಡೋರ್ ಅಮಿಗಾ 500ರ ಒಳಗಿನ ಕೇಬಲ್‌ಗೂ 34 ಪಿನ್. ಎರಡೂ ಮೂರೂವರೆ ಇಂಚು, ಎರಡೂ ನಿಮಿಷಕ್ಕೆ 300 ಸುತ್ತು. ಕೇಬಲ್ ಚೆನ್ನಾಗೇ ಕೂರುತ್ತದೆ. ಕೆಲಸ ಮಾತ್ರ ಮಾಡಲ್ಲ.

ನಮ್ಮ ಸೀನಿಯರ್ ಒಬ್ಬರ ಸೋದರಮಾವ ಇಂಗ್ಲೆಂಡಿನಲ್ಲಿದ್ದಾಗ ಕೊಂಡಿದ್ದ ಅಮಿಗಾ ಅದು. ಅದರ ಡ್ರೈವ್ ಸತ್ತಿತ್ತು. ಜೊತೆಗೆ ಎಂಟು ಡಿಸ್ಕ್ ಬಂದವು. ಅವುಗಳಲ್ಲಿ ಅವರು ಊರಿನ ತಾಯಿಗೆ ಬರೆದ ಪತ್ರಗಳಿದ್ದವು, ನಾವು ವಾಟ್ಸಾಪ್‌ನಲ್ಲಿ ಮಾಡೋ ಹಾಗೆ ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿದ ಕನ್ನಡ. ಕಾಗದದ ಪ್ರತಿ ಒಂದೂ ಉಳಿದಿಲ್ಲ. "ಮಷೀನ್ ಹೋದ್ರೆ ಹೋಗ್ಲಿ ಕಣ್ರಪ್ಪಾ, ಡಿಸ್ಕ್ ಹಾಳಾಗ್ಬಾರ್ದು" ಅಂದರು.

ಡಿಸ್ಕ್‌ಗಳನ್ನ ನೇರ ಪಿಸಿಗೆ ಹಾಕಿ ಓದೋಣ ಅಂದ್ರೆ ಆಗಲ್ಲ. ಅದೇ ಡಿಸ್ಕ್‌ನಲ್ಲಿ ಪಿಸಿ ಒಂದು ಟ್ರ್ಯಾಕ್‌ಗೆ 9 ಸೆಕ್ಟರ್ ಬರೆದು 720 ಕೆಬಿ ಇಡುತ್ತದೆ. ಅಮಿಗಾ 11 ಸೆಕ್ಟರ್ ತುಂಬಿ 880 ಕೆಬಿ ಇಡುತ್ತದೆ. ಬರೆಯುವ ಕ್ರಮವೇ ಬೇರೆ, ಪಿಸಿಯ ಕಂಟ್ರೋಲರ್‌ಗೆ ಅದು ಅರ್ಥವಾಗಲ್ಲ. ಆದರೆ ಡ್ರೈವ್‌ಗೆ ಈ ಭೇದ ಇಲ್ಲ. ಅದು ತಲೆಯ ಕೆಳಗೆ ಬಂದ ಕಾಂತೀಯ ಬದಲಾವಣೆಗಳನ್ನ ಹಾಗೇ ದಾಟಿಸುತ್ತದೆ, ಅರ್ಥ ಬಿಡಿಸೋದು ಕಂಪ್ಯೂಟರ್. ಹಾಗಾಗಿ ಪಿಸಿ ಡ್ರೈವನ್ನೇ ಅಮಿಗಾಗೆ ಹೊಂದಿಸಲು ಹೊರಟೆವು.

ತಕರಾರು ಇರೋದು ಮೂರು ಪಿನ್‌ಗಳಲ್ಲಿ. ಅಮಿಗಾ ತನ್ನ ಡ್ರೈವನ್ನ 10ನೇ ಪಿನ್‌ನಲ್ಲಿ ಕರೆಯುತ್ತದೆ. ಪಿಸಿ ಡ್ರೈವ್ 12ರಲ್ಲಿ ಕಿವಿಗೊಟ್ಟು ಕೂತಿರುತ್ತದೆ. ಪಿಸಿಯಲ್ಲಿ ಕೇಬಲ್‌ನ ನಡುವಿನ ತಿರುಚು ಇದನ್ನ ಸರಿದೂಗಿಸುತ್ತದೆ. ಇನ್ನು 34ನೇ ಪಿನ್. ಅದು ಲೋ ಆದರೆ ಅಮಿಗಾಗೆ "ಡ್ರೈವ್ ರೆಡಿ" ಅಂತ ಅರ್ಥ. ಪಿಸಿ ಡ್ರೈವ್ ಅದನ್ನ ಲೋ ಮಾಡೋದು "ಡಿಸ್ಕ್ ತೆಗೆದಿದ್ದಾರೆ" ಅಂತ ಹೇಳೋಕೆ! ಅಮಿಗಾ ಆ ಸುದ್ದಿಗೆ ಕಾಯೋದು 2ನೇ ಪಿನ್‌ನಲ್ಲಿ, ಅಲ್ಲಿಗೆ ಏನೂ ಬರಲ್ಲ.

ಇದನ್ನ ಹಾಗೇ ಬಿಟ್ಟರೂ ಡಿಸ್ಕ್ ಓದಬಹುದಲ್ವಾ ಅಂತ ನಮ್ಮಲ್ಲೇ ಒಬ್ಬ ಕೇಳಿದ. ಓದಬಹುದು. ಆದರೆ ಡಿಸ್ಕ್ ಬದಲಾಯಿಸಿದ್ದು ಅಮಿಗಾಗೆ ಗೊತ್ತೇ ಆಗಲ್ಲ. ಹಳೇ ಡಿಸ್ಕ್‌ನ ಲೆಕ್ಕವನ್ನ ನೆನಪಲ್ಲಿಟ್ಟುಕೊಂಡು ಹೊಸದರ ಮೇಲೆ ಬರೆದರೆ ಪತ್ರಗಳ ಕಥೆ ಮುಗೀತು. ಹಾಗಾಗಿ ಆ ತಂತಿ ಬೇಕೇ ಬೇಕು.

ಡ್ರೈವ್ ಬೋರ್ಡನ್ನ ಕೆರೆಯದೆ, ನಡುವೆ ಒಂದು ಪುಟ್ಟ ಬೋರ್ಡ್ ಮಾಡಿದೆವು. ಅಮಿಗಾದ 10 ಡ್ರೈವ್‌ನ 12ಕ್ಕೆ. ಡ್ರೈವ್‌ನ 34 ಅಮಿಗಾದ 2ಕ್ಕೆ. ಅಮಿಗಾದ 34 ಖಾಲಿ. ಡ್ರೈವ್ ಕಡೆಯ 2 ಮತ್ತು 10 ಕೂಡ ಖಾಲಿ. ಉಳಿದವೆಲ್ಲ ನೇರ. ರೆಡಿ ಸಿಗ್ನಲ್ ಇಲ್ಲದಿದ್ದರೂ ವರ್ಕ್‌ಬೆಂಚ್ ನಡೆಯುತ್ತದೆ. ಹಾರ್ಡ್‌ವೇರ್ ಜೊತೆ ನೇರ ವ್ಯವಹಾರ ಮಾಡೋ ಕೆಲವು ಆಟಗಳು ಮಾತ್ರ ಅದಕ್ಕೆ ಕಾಯ್ತಾ ಕೂರುತ್ತವೆ. ನಮಗೆ ಬೇಕಿದ್ದದ್ದು ಆಟ ಅಲ್ಲ.

ಪವರ್ ಕೊಟ್ಟಾಗ ಪರದೆ ಮೇಲೆ ಡಿಸ್ಕ್ ಹಿಡಿದ ಕೈ ಬಂತು, ಡ್ರೈವ್ "ಟಕ್... ಟಕ್" ಅನ್ನತೊಡಗಿತು. ಡಿಸ್ಕ್ ಬದಲಾದ ಗುರುತು ಅಳಿಸಬೇಕಾದರೆ ಡಿಸ್ಕ್ ಒಳಗಿದ್ದು ತಲೆ ಒಂದು ಹೆಜ್ಜೆ ಸರಿಯಬೇಕು, ಅದಕ್ಕೇ ಅಮಿಗಾ ಆಗಾಗ ಹೆಜ್ಜೆ ಹಾಕಿ "ಬಂತಾ?" ಅಂತ ನೋಡ್ತಾ ಇರುತ್ತದೆ. ಆ ಟಕ್ ಶಬ್ದವೇ 2ನೇ ಪಿನ್ ಕೆಲಸ ಮಾಡ್ತಿದೆ ಅನ್ನೋದಕ್ಕೆ ಸಾಕ್ಷಿ.

ಮೊದಲು ಬೇಡದ ಡಿಸ್ಕ್‌ಗಳಲ್ಲಿ ಪರೀಕ್ಷೆ. ಆಮೇಲೆ ಪತ್ರಗಳ ಡಿಸ್ಕ್‌ಗಳ ರೈಟ್ ಪ್ರೊಟೆಕ್ಟ್ ಕಿಂಡಿ ತೆರೆದು ನಕಲು ಶುರು. 512 ಕೆಬಿ ಮೆಮೊರಿಯಲ್ಲಿ 880 ಕೆಬಿ ಒಂದೇ ಸಲಕ್ಕೆ ಹಿಡಿಯಲ್ಲ. ಮೂಲ ಹಾಕು, ತೆಗಿ, ಹೊಸದು ಹಾಕು, ತೆಗಿ. ರಾತ್ರಿ ಹತ್ತರ ಹೊತ್ತಿಗೆ ಆರು ಡಿಸ್ಕ್ ಪೂರ್ತಿ ಬಂದವು. ಎರಡು ನಡುವೆಯೇ ನಿಂತವು.

ಪತ್ರಗಳನ್ನ ನಾವು ಓದಲಿಲ್ಲ. ಮರುದಿನ ಮಾವ ಬಂದು ಒಂದನ್ನ ತೆರೆದರು, ಮೊದಲ ಸಾಲು "ಅಮ್ಮಾ, ಇಲ್ಲಿ ಚಳಿ ಜಾಸ್ತಿ". ನಾವು ಟೀ ತರೋಕೆ ಅಂತ ಹೊರಗೆ ಬಂದೆವು.

ಉಳಿದ ಎರಡಕ್ಕೆ ಬೇರೆ ಡ್ರೈವ್‌ನಲ್ಲಿ ಪ್ರಯತ್ನಿಸಬೇಕು. ನಿಮ್ಮ ಮನೆ ಅಟ್ಟದಲ್ಲಿ ಹಳೇ ಪಿಸಿ ಇದ್ರೆ ಗುಜರಿಗೆ ಹಾಕ್ಬೇಡಿ, ಅದರ ಫ್ಲಾಪಿ ಡ್ರೈವ್ ನಮಗೆ ಕೊಡಿ.